ಯುದ್ಧಾನಂತರದ ಅಮೆರಿಕದ ಮೋಟಾರು ಗಾಡಿ



ತಾನು ನಿತ್ಯವೂ ಬಳಸುವ ವಸ್ತುವು ಉಪಯುಕ್ತವಾಗಿದ್ದರೆ ಸಾಲದು, ಅಂದವಾಗಿಯೂ ಇರಬೇಕೆಂದು ಮನುಷ್ಯನು ಬಯಸುವುದು ಸಹಜ. ತಂಬಿಗೆಯ ಕಂಠಕ್ಕೆ ಒಂದು ಬಳುಕು, ಬಾಗಿಲುವಾಡಕ್ಕೆ ಒಂದು ಬಳ್ಳಿ, ಗಾಡಿಯ ಎತ್ತಿನ ಕೊಂಬಿಗೆ ಹಿತ್ತಾಳೆಯ ಅಣಸು, ಇವೆಲ್ಲ ಈ ಬಯಕೆಯ ಫಲಗಳೇ. ಇವುಗಳಿಂದ ತಂಬಿಗೆಯು ಹಿಡಿಯುವ ನೀರು ಕಡಮೆಯಾಗಲಿಲ್ಲ. ಬಾಗಿಲು ಮುಚ್ಚುವುದಕ್ಕೆ ಅಡ್ಡಿಯಾಗಲಿಲ್ಲ. ಎತ್ತು ಎಳೆಯಬೇಕಾದ ಭಾರವೂ ಹೆಚ್ಚಲಿಲ್ಲ. ಅಲಂಕಾರವು ವಸ್ತುವಿನ ಕೆಲಸಕ್ಕೆ ಅಧೀನವಾಗಿ ನಿಂತಿತು. ಔಚಿತ್ಯವೇ ಕಾವ್ಯಕ್ಕೆ ಜೀವವೆಂದು ಕ್ಷೇಮೇಂದ್ರನು ಪ್ರತಿಪಾದಿಸಿದ್ದು ಕವಿಗಳನ್ನು ಕುರಿತು. ಆದರೆ ಆ ಮಾತು ಕುಂಬಾರನಿಗೂ ಬಡಗಿಗೂ ಸಲ್ಲುತ್ತದೆ. ಯಂತ್ರಗಳನ್ನು ನಿರ್ಮಿಸುವವರಿಗಂತೂ ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಏಕೆಂದರೆ, ಕಾವ್ಯದಲ್ಲಿ ಔಚಿತ್ಯ ಕೆಟ್ಟರೆ ರಸಭಂಗವಾದೀತು. ಯಂತ್ರದಲ್ಲಿ ಕೆಟ್ಟರೆ ಪ್ರಾಣಕ್ಕೇ ಸಂಚಕಾರ ಬಂದೀತು.

ಅಲಂಕಾರವು ಆಳಾಗಿರುವುದನ್ನು ಬಿಟ್ಟು ಯಜಮಾನನಾಗಿ ಕುಳಿತರೆ ಏನಾಗುತ್ತದೆ ಎಂಬುದಕ್ಕೆ ಆಧುನಿಕ ಕಾಲದಲ್ಲಿ ದೊರೆಯುವ ದೊಡ್ಡ ಉದಾಹರಣೆ, ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಅಮೆರಿಕದಲ್ಲಿ ತಯಾರಾದ ಮೋಟಾರು ಗಾಡಿ. 1945ರಿಂದ 1966ರವರೆಗಿನ ಸುಮಾರು ಇಪ್ಪತ್ತು ವರ್ಷಗಳ ಅದರ ಚರಿತ್ರೆಯನ್ನು ಈ ಹೊತ್ತು ತಮ್ಮ ಮುಂದೆ ಸಂಗ್ರಹವಾಗಿ ಇಡಬೇಕೆಂದಿದ್ದೇನೆ. ಈ ಚರಿತ್ರೆಯಲ್ಲಿ ಜಾಣ್ಮೆಯಿದೆ, ಸಾಹಸವಿದೆ, ನಗುವುದಕ್ಕೆ ಎಡೆಯೂ ಇದೆ. ಆದರೆ ಇದರ ನಡುವೆ ಒಂದು ಗಂಭೀರವಾದ ಪ್ರಶ್ನೆಯೂ ಇದೆ. ಅಮೆರಿಕದ ಮೋಟಾರು ತಯಾರಕರು ಯುದ್ಧವಿಮಾನದಿಂದ ಒಂದು ವಸ್ತುವನ್ನು ತಡಮಾಡದೆ ತಂದುಕೊಂಡರು. ಇನ್ನೊಂದನ್ನು ಇಪ್ಪತ್ತು ವರ್ಷ ತರದೆ ಬಿಟ್ಟರು. ತಂದದ್ದು ಯಾವುದು, ಬಿಟ್ಟದ್ದು ಯಾವುದು, ಏಕೆ ಬಿಟ್ಟರು ಎಂಬುದನ್ನು ಕ್ರಮವಾಗಿ ನೋಡೋಣ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಹೆನ್ರಿ ಫೋರ್ಡನು 1908ರಿಂದ 1927ರವರೆಗೆ ಒಂದೇ ಮಾದರಿಯ ಗಾಡಿಯನ್ನು ತಯಾರಿಸಿದನು. ಟಿ ಮಾದರಿಯೆಂದು ಪ್ರಸಿದ್ಧವಾದ ಆ ಗಾಡಿಗಳು 150 ಲಕ್ಷ ಮಾರಾಟವಾದುವು. ಗಾಡಿ ಗಟ್ಟಿಯಾಗಿರಬೇಕು, ಅಗ್ಗವಾಗಿರಬೇಕು, ರೈತನೂ ಅದನ್ನು ರಿಪೇರಿಮಾಡಿಕೊಳ್ಳುವಂತಿರಬೇಕು, ಇಷ್ಟೇ ಫೋರ್ಡನ ಸೂತ್ರ. ಅವನ ಎದುರಾಳಿಯಾದ ಜನರಲ್ ಮೋಟಾರ್ಸ್ ಕಂಪೆನಿಗೆ 1923ರಲ್ಲಿ ಅಧ್ಯಕ್ಷನಾದ ಆಲ್‌ಫ್ರೆಡ್ ಸ್ಲೋನನು ಬೇರೊಂದು ಸೂತ್ರವನ್ನು ಹಿಡಿದನು. ಒಳ್ಳೆಯ ಗಾಡಿಯೊಂದು ಮನೆಗೆ ಬಂದ ಮೇಲೆ ಗಿರಾಕಿಯು ಹತ್ತು ವರ್ಷ ಅಂಗಡಿಯ ಕಡೆ ತಲೆಹಾಕುವುದಿಲ್ಲ. ಅವನು ಮತ್ತೆ ಬರಬೇಕಾದರೆ, ಗಾಡಿ ಕೆಡುವುದಕ್ಕೆ ಮುಂಚೆಯೇ ಅದರ ಮೇಲೆ ಅವನಿಗೆ ಬೇಸರ ಹುಟ್ಟಬೇಕು. ಹಾಗಾಗಿ ಪ್ರತಿ ವರ್ಷವೂ ಗಾಡಿಯ ರೂಪ ಬದಲಾಗತಕ್ಕದ್ದು; ಜೊತೆಗೆ ಷೆವರ್‌ಲೆಯಿಂದ ಕ್ಯಾಡಿಲಾಕ್‌ವರೆಗೆ, ಒಂದೊಂದು ವರಮಾನಕ್ಕೆ ಒಂದೊಂದು ಗಾಡಿಯಂತೆ, ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಏಣಿಯೊಂದಿರತಕ್ಕದ್ದು.

ಈ ಕೆಲಸಕ್ಕಾಗಿ ಸ್ಲೋನನು 1927ರಲ್ಲಿ ಹಾರ್ಲಿ ಅರ್ಲ್ ಎಂಬಾತನನ್ನು ಡೆಟ್ರಾಯಿಟ್ ನಗರಕ್ಕೆ ಕರೆಸಿಕೊಂಡನು. ಅರ್ಲ್ ಹುಟ್ಟಿದ್ದು ಹಾಲಿವುಡ್‌ನಲ್ಲಿ. ಚಲನಚಿತ್ರದ ನಟರಿಗೆ ವಿಶೇಷವಾದ ಗಾಡಿಗಳನ್ನು ಕಟ್ಟಿಕೊಟ್ಟು ಹೆಸರು ಪಡೆದವನು. ಅವನು ಜೇಡಿಮಣ್ಣಿನಲ್ಲಿ ಗಾಡಿಯ ಪೂರ್ಣಾಕೃತಿಯನ್ನು ಮಾಡಿ, ಶಿಲ್ಪಿಯು ಪ್ರತಿಮೆಯನ್ನು ತಿದ್ದುವಂತೆ ತಿದ್ದುವ ಪದ್ಧತಿಯನ್ನು ಬಳಕೆಗೆ ತಂದನು. ಅದುವರೆಗೆ ಗಾಡಿಯ ಆಕಾರವನ್ನು ನಿರ್ಣಯಿಸುತ್ತಿದ್ದವನು ಎಂಜಿನಿಯರು. ಇನ್ನು ಮುಂದೆ ಅವನ ಪಕ್ಕದಲ್ಲಿ ಚಿತ್ರಕಾರನೂ ಕುಳಿತನು. ಕಾಲಕ್ರಮದಲ್ಲಿ ಎಂಜಿನಿಯರು ಪಕ್ಕಕ್ಕೆ ಸರಿದು ಚಿತ್ರಕಾರನಿಗೇ ಅಗ್ರಾಸನ ಸಿಕ್ಕಿತು. ಗಾಡಿಯನ್ನು ಉದ್ದಮಾಡುವುದು, ತಗ್ಗುಮಾಡುವುದು, ಮಾಡಲಾಗದಿದ್ದರೆ ನೋಟಕ್ಕಾದರೂ ಹಾಗೆ ಕಾಣಿಸುವಂತೆ ಮಾಡುವುದು, ಇದೇ ತನ್ನ ಜೀವಮಾನದ ಗುರಿಯೆಂದು ಅರ್ಲ್ ಹೇಳಿಕೊಂಡಿದ್ದಾನೆ.

ಅಷ್ಟರಲ್ಲಿ ಯುದ್ಧ ಬಂದಿತು. 1942ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಸಾರ್ವಜನಿಕರಿಗಾಗಿ ಮೋಟಾರು ಗಾಡಿಗಳನ್ನು ತಯಾರಿಸುವುದು ನಿಂತುಹೋಯಿತು. ಕಾರ್ಖಾನೆಗಳೆಲ್ಲ ಟ್ಯಾಂಕು, ವಿಮಾನ, ಫಿರಂಗಿಗಳ ಕೆಲಸಕ್ಕೆ ತಿರುಗಿದುವು. ಡೆಟ್ರಾಯಿಟ್‌ಗೆ ಸಮೀಪದ ವಿಲೋ ರನ್ ಎಂಬಲ್ಲಿ ಫೋರ್ಡ್ ಕಂಪೆನಿಯು ಕಟ್ಟಿದ ಕಾರ್ಖಾನೆಯಿಂದ, 1944ರ ಹೊತ್ತಿಗೆ, ಗಂಟೆಗೊಂದರಂತೆ ದೊಡ್ಡ ಬಾಂಬರು ವಿಮಾನಗಳು ಹೊರಬೀಳುತ್ತಿದ್ದುವು. ಮೂರೂವರೆ ವರ್ಷ ಹೊಸ ಗಾಡಿಯನ್ನೇ ಕಾಣದ ಜನ, ಕೈತುಂಬ ಸಂಬಳ ಪಡೆದು ಖರ್ಚುಮಾಡಲು ದಾರಿಯಿಲ್ಲದೆ ಹಣ ಕೂಡಿಸಿದ್ದರು. 1945ರ ಜುಲೈ ತಿಂಗಳಲ್ಲಿ ಫೋರ್ಡ್ ಕಂಪೆನಿಯ ಮೊದಲ ಗಾಡಿ ಮತ್ತೆ ಹೊರಬಂದಾಗ, ಅದು 1942ರ ಗಾಡಿಯೇ. ಮುಖವನ್ನು ಅಷ್ಟಿಷ್ಟು ತಿದ್ದಿದ್ದರು, ಅಷ್ಟೆ. ಆದರೂ ಜನ ಮುಗಿಬಿದ್ದು ಕೊಂಡರು. ಹಸಿದವನು ಅಡಿಗೆಯ ರುಚಿಯನ್ನು ವಿಚಾರಿಸುವುದುಂಟೆ?

ಹೊಸ ರೂಪವನ್ನು ತರುವ ಧೈರ್ಯ ಮೊದಲು ಬಂದದ್ದು ಸಣ್ಣ ಕಂಪೆನಿಗಳಿಗೆ. ಹಳೆಯ ಕಂಪೆನಿಗಳ ಪೈಕಿ ಪೂರ್ತಿ ಹೊಸದಾದ ಯುದ್ಧಾನಂತರದ ಗಾಡಿಯನ್ನು 1947ರ ಮಾದರಿಯಾಗಿ ಎಲ್ಲರಿಗಿಂತ ಮುಂಚೆ ತಂದದ್ದು ಸ್ಟೂಡಿಬೇಕರ್. ರೇಮಂಡ್ ಲೋವಿಯ ಶಿಲ್ಪಶಾಲೆಯವರೂ ವರ್ಜಿಲ್ ಎಕ್ಸ್‌ನರನೂ ಅದನ್ನು ರೂಪಿಸಿದರು. ಅದರ ಒಂದು ಬಗೆಯಲ್ಲಿ ಹಿಂದಿನ ಗಾಜು ಬೆನ್ನಿನ ಸುತ್ತ ಬಳಸಿಕೊಂಡು ಬಂದು, ಗಾಡಿ ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯದೆಂದು ಜನ ನಗೆಯಾಡಿದರು. 1948ರಲ್ಲಿ ಹಡ್ಸನ್ ಕಂಪೆನಿಯು ಗಾಡಿಯ ನೆಲವನ್ನು ಚೌಕಟ್ಟಿನ ನಡುವೆ ಕೆಳಕ್ಕೆ ಇಳಿಸಿತು. ಒಳಗೆ ಕೂರುವವನು ಮೇಲಕ್ಕೆ ಹತ್ತುವ ಬದಲು ಕೆಳಕ್ಕೆ ಇಳಿಯಬೇಕಾಯಿತು. ಗಾಡಿಯ ಭಾರವೆಲ್ಲ ನೆಲಕ್ಕೆ ಹತ್ತಿರವಾದ್ದರಿಂದ ಅದು ತಿರುವುಗಳಲ್ಲಿ ವಾಲದೆ ಭದ್ರವಾಗಿ ಓಡಿತು. ಮುಂದೆ ಪಂದ್ಯಗಳಲ್ಲಿ ಸಾಲಾಗಿ ಗೆದ್ದಿತು. ರೂಪವೂ ಪ್ರಯೋಜನವೂ ಒಂದಾದರೆ ಎಂಥ ಫಲ ಬರುತ್ತದೆಂಬುದಕ್ಕೆ ಹಡ್ಸನ್ ಒಳ್ಳೆಯ ನಿದರ್ಶನ.

ಇನ್ನೊಬ್ಬ ಸಾಹಸಿ ಪ್ರೆಸ್ಟನ್ ಟಕರ್. ಷಿಕಾಗೋ ನಗರದಲ್ಲಿ, ಯುದ್ಧಕಾಲದಲ್ಲಿ ವಿಮಾನದ ಎಂಜಿನುಗಳನ್ನು ಮಾಡುತ್ತಿದ್ದ ಕಾರ್ಖಾನೆಯೊಂದನ್ನು ಹಿಡಿದು ಅವನು ತನ್ನ ಗಾಡಿಯನ್ನು ಕಟ್ಟಿದನು. ಎಂಜಿನು ಹಿಂದೆ, ಮುಂದೆ ನಡುವೆ ಮೂರನೆಯ ದೀಪ, ಅದು ಚಕ್ರ ತಿರುಗಿದ ಕಡೆಗೆ ತಾನೂ ತಿರುಗುತ್ತಿತ್ತು. ಡಿಕ್ಕಿಯಾದರೆ ತಲೆಗೆ ಪೆಟ್ಟಾಗದಿರಲೆಂದು ಮುಂದಿನ ಹಲಗೆಗೆ ಮೆತ್ತೆ. ಒಳಗಿನಿಂದ ಬಲವಾಗಿ ತಾಗಿದರೆ ಕಳಚಿ ಹೊರಕ್ಕೆ ಹಾರುವ ಗಾಜು. ಐವತ್ತೊಂದು ಗಾಡಿಗಳು ಸಿದ್ಧವಾಗುವಷ್ಟರಲ್ಲಿ ಕಂಪೆನಿ ಮುಳುಗಿತು. ಷೇರುದಾರರಿಗೆ ಮೋಸಮಾಡಿದನೆಂದು ಅವನ ಮೇಲೆ ಮೊಕದ್ದಮೆ ನಡೆಯಿತು. 1950ರ ಜನವರಿಯಲ್ಲಿ ಅವನು ನಿರ್ದೋಷಿಯೆಂದು ತೀರ್ಪಾಯಿತಾದರೂ ಕಾರ್ಖಾನೆ ಮತ್ತೆ ತೆರೆಯಲಿಲ್ಲ. ಗಾಡಿಯೊಳಗಿನ ಮನುಷ್ಯನ ಕ್ಷೇಮವನ್ನು ರೂಪದ ಮೊದಲನೆಯ ಪ್ರಶ್ನೆಯಾಗಿ ಎತ್ತಿಕೊಂಡ ಪ್ರಯತ್ನವೊಂದು ಹೀಗೆ ಮುಗಿದುಹೋಯಿತು.

ದೊಡ್ಡ ಕಂಪೆನಿಗಳಲ್ಲಿ ಫೋರ್ಡ್ ಆಗ ಕಷ್ಟಸ್ಥಿತಿಯಲ್ಲಿದ್ದಿತು. 1945ರ ಸೆಪ್ಟೆಂಬರಿನಲ್ಲಿ, ತನ್ನ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಹೆನ್ರಿ ಫೋರ್ಡನ ಮೊಮ್ಮಗ ಎರಡನೆಯ ಹೆನ್ರಿ ಫೋರ್ಡನು ಅಧಿಕಾರವನ್ನು ವಹಿಸಿಕೊಂಡನು. ಕಂಪೆನಿಯನ್ನು ಉಳಿಸಿದ್ದು 1948ರ ಜೂನ್‌ನಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ಪ್ರದರ್ಶಿತವಾದ 1949ರ ಫೋರ್ಡ್ ಗಾಡಿ. ಅದುವರೆಗೆ ಗಾಡಿಗೆ ಮಡ್‌ಗಾರ್ಡುಗಳು ಬೇರೆಯಾಗಿ ಉಬ್ಬಿಕೊಂಡು ನಿಂತಿರುತ್ತಿದ್ದುವು. ಇದರಲ್ಲಿ ಅವು ಒಡಲೊಳಗೆ ಸೇರಿಹೋಗಿ, ಪಕ್ಕವು ಮುಂದಿನಿಂದ ಹಿಂದಿನವರೆಗೆ ಒಂದೇ ನಯವಾದ ಫಲಕವಾಯಿತು. ಅದೇ ಅಗಲದ ಗಾಡಿಯಲ್ಲಿ ಕೂರುವವರಿಗೆ ಹೆಚ್ಚು ಎಡೆ ದೊರೆಯಿತು. ಆ ಒಂದು ಮಾದರಿಯೇ 11 ಲಕ್ಷಕ್ಕೂ ಮೀರಿ ತಯಾರಾಯಿತು. ಇಂದಿನ ಗಾಡಿಗಳ ಆಕಾರಕ್ಕೆ ಮೂಲ ಇದೇ ಎಂದರೆ ಹೆಚ್ಚು ತಪ್ಪಾಗದು.

ಅದೇ ಸಮಯಕ್ಕೆ ಯಂತ್ರಭಾಗದಲ್ಲಿಯೂ ದೊಡ್ಡ ಸುಧಾರಣೆಗಳಾದುವು. 1949ರ ಕ್ಯಾಡಿಲಾಕ್, ಓಲ್ಡ್ಸ್‌ಮೊಬೀಲ್ ಗಾಡಿಗಳಿಗೆ ಬಂದ ಎಂಟು ಸಿಲಿಂಡರಿನ ಹೊಸ ಎಂಜಿನುಗಳಲ್ಲಿ ಕವಾಟಗಳು ಸಿಲಿಂಡರಿನ ನೆತ್ತಿಯ ಮೇಲಿದ್ದು, ಪೆಟ್ರೋಲಿನ ಆವಿಯನ್ನು ಹೆಚ್ಚಾಗಿ ಅದುಮಿ ಉರಿಸಲು ಅನುಕೂಲವಾಯಿತು. ಅಷ್ಟೇ ಪೆಟ್ರೋಲಿನಿಂದ ಹೆಚ್ಚು ಶಕ್ತಿ ಬಂದಿತು. ಎಂಜಿನಿನ ತೂಕವೂ ಇಳಿಯಿತು. ಗೇರು ತಾನಾಗಿ ಬದಲಾಗುವ ಯಂತ್ರವು 1940ರ ಓಲ್ಡ್ಸ್‌ಮೊಬೀಲ್ ಗಾಡಿಯಲ್ಲಿಯೇ ಬಂದಿತ್ತು. 1950ರಲ್ಲಿ ಅಗ್ಗದ ಷೆವರ್‌ಲೆಗೂ ಆ ಬಗೆಯ ಅನುಕೂಲ ಇಳಿದು, ಕ್ಲಚ್ಚು ತುಳಿಯುವ ತೊಂದರೆ ಸಾಮಾನ್ಯರಿಗೂ ತಪ್ಪಿತು. ಇವು ನಿಜವಾದ ಗುಣಗಳು. ಅಮೆರಿಕದ ಎಂಜಿನಿಯರು ಆ ಕಾಲದಲ್ಲಿ ನಿದ್ರಿಸುತ್ತಿದ್ದನೆಂದು ಯಾರೂ ತಿಳಿಯಬಾರದು. ಮುಂದೆ ನಾನು ಹೇಳುವ ದೋಷಗಳು ಅಸಾಮರ್ಥ್ಯದಿಂದ ಹುಟ್ಟಿದುವಲ್ಲ. ಸಾಮರ್ಥ್ಯವನ್ನು ಎಲ್ಲಿ ತೊಡಗಿಸಬೇಕೆಂಬ ಆಯ್ಕೆಯಿಂದ ಹುಟ್ಟಿದುವು.

ಈಗ ವಿಮಾನದ ಮಾತಿಗೆ ಬರೋಣ. 1941ರಲ್ಲಿ ಹಾರ್ಲಿ ಅರ್ಲನು ತನ್ನ ಚಿತ್ರಕಾರರನ್ನು ಡೆಟ್ರಾಯಿಟ್‌ಗೆ ಸಮೀಪದ ಸೆಲ್‌ಫ್ರಿಜ್ ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋಗಿ, ಪಿ-38 ಎಂಬ ಹೊಸ ಯುದ್ಧವಿಮಾನವನ್ನು ತೋರಿಸಿದ್ದನು. ಎರಡು ಒಡಲು, ಎರಡು ಬಾಲಗಳುಳ್ಳ ಆ ವಿಮಾನದ ರೇಖೆಗಳು ಅವರ ಕಣ್ಣಿನಲ್ಲಿ ನಿಂತುಹೋದುವು. 1948ರ ಕ್ಯಾಡಿಲಾಕಿನ ಹಿಂಭಾಗದಲ್ಲಿ ಎರಡು ಪಕ್ಕಕ್ಕೂ ಮೆಲ್ಲಗೆ ಎದ್ದುನಿಂತ ಚಿಕ್ಕ ರೆಕ್ಕೆಗಳು ಆ ಬಾಲದ ನೆನಪಿನಿಂದಲೇ ಮೂಡಿದುವು. ವಿಮಾನದಲ್ಲಿ ಬಾಲಕ್ಕೆ ಕೆಲಸವಿದೆ. ಅದಿಲ್ಲದೆ ವಿಮಾನವು ದಿಕ್ಕು ಹಿಡಿದು ಹಾರಲಾರದು. ಗಾಡಿಯಲ್ಲಿ ಅದಕ್ಕೆ ಇದ್ದ ಕೆಲಸ ಒಂದೇ: ಹಿಂದಿನಿಂದ ನೋಡಿದವನಿಗೆ ಇದು ಕ್ಯಾಡಿಲಾಕ್, ಇದು ಈ ವರ್ಷದ್ದು, ಇದರ ಯಜಮಾನ ಅನುಕೂಲಸ್ಥ ಎಂದು ಸಾರುವುದು. ಮೊದಲು ಹುಬ್ಬೇರಿಸಿದ ಗಿರಾಕಿಗಳು ಬೇಗನೆ ಮೆಚ್ಚಿಕೊಂಡರು.

1949ರ ಬ್ಯೂಕ್ ಗಾಡಿಯ ಕಥೆ ಇನ್ನೂ ಸ್ವಾರಸ್ಯವಾದುದು. ಅದರ ಬಾನೆಟ್ಟಿನ ಪಕ್ಕದಲ್ಲಿ ಸಾಲಾಗಿ ದುಂಡಾದ ತೂತುಗಳನ್ನು ಇಟ್ಟರು. ಯುದ್ಧವಿಮಾನದ ಎಂಜಿನಿನಿಂದ ಹೊಗೆ ಹೊರಡುವ ಕಿಂಡಿಗಳನ್ನು ಅವು ನೆನಪಿಗೆ ತರುತ್ತಿದ್ದುವು. ಸಾಧಾರಣ ಬಗೆಯ ಬ್ಯೂಕಿಗೆ ಪಕ್ಕಕ್ಕೆ ಮೂರು ತೂತು, ಮೇಲಿನ ಬಗೆಯದಕ್ಕೆ ನಾಲ್ಕು. ಸ್ವಲ್ಪ ಕಾಲದಲ್ಲಿಯೇ ಅವುಗಳನ್ನು ಒಳಗಡೆಯಿಂದ ಮುಚ್ಚಿಬಿಟ್ಟರು. ಗಾಳಿ ಆಡದ ಕಿಂಡಿಗಳು. ಆದರೆ ಅವುಗಳ ಸಂಖ್ಯೆಯನ್ನು ನೋಡಿ ನೆರೆಹೊರೆಯವರು ಯಜಮಾನನ ಅಂತಸ್ತನ್ನು ಅಳೆಯಬಹುದಾಗಿತ್ತು. ವಸ್ತುವಿನ ಅಂಗವೊಂದು ತನ್ನ ಕೆಲಸವನ್ನು ಬಿಟ್ಟು ಬರಿಯ ಸಂಕೇತವಾಗಿ ಉಳಿಯುವುದು ಹೀಗೆ.

ಇದರಲ್ಲಿ ತಪ್ಪೆಲ್ಲ ತಯಾರಕರದೆಂದು ಹೇಳುವುದು ನ್ಯಾಯವಲ್ಲ. ಕ್ರೈಸ್ಲರ್ ಕಂಪೆನಿಯ ಅಧ್ಯಕ್ಷನಾಗಿದ್ದ ಕೆ. ಟಿ. ಕೆಲರ್ ಎಂಬಾತನು, ಟೋಪಿ ಧರಿಸಿದ ಮನುಷ್ಯನು ತಲೆ ತಗ್ಗಿಸದೆ ಕೂರುವಷ್ಟು ಎತ್ತರ ಗಾಡಿಯಲ್ಲಿ ಇರಲೇಬೇಕೆಂದು ಹಟಹಿಡಿದನು. ಅದರಂತೆ 1949ರಿಂದ ಬಂದ ಅವನ ಗಾಡಿಗಳು ನೆಟ್ಟಗೆ, ಎತ್ತರವಾಗಿ, ಕೂರುವುದಕ್ಕೆ ಸುಖವಾಗಿದ್ದುವು. ಆದರೆ ತಗ್ಗಾಗಿ ಉದ್ದವಾಗಿ ಹೊಳೆಯುವ ಎದುರಾಳಿಗಳ ಪಕ್ಕದಲ್ಲಿ ಅವು ಪೆಟ್ಟಿಗೆಗಳಂತೆ ಕಂಡುವು. 1954ರಲ್ಲಿ ಕ್ರೈಸ್ಲರಿನ ವ್ಯಾಪಾರ ತೀವ್ರವಾಗಿ ಕುಸಿಯಿತು. ಕಂಪೆನಿಯು ಎಕ್ಸ್‌ನರನಿಗೆ ಪೂರ್ಣ ಸ್ವಾತಂತ್ರ್ಯವನ್ನು ಕೊಟ್ಟು, 1955ರಲ್ಲಿ ರೂಪವನ್ನೇ ಬದಲಾಯಿಸಿ ಮತ್ತೆ ಎದ್ದು ನಿಂತಿತು. ಗಿರಾಕಿಯ ಕಣ್ಣು ಬಯಸಿದುದನ್ನು ತಯಾರಕನು ಒದಗಿಸಿದನು. ಒದಗಿಸುತ್ತ ಒದಗಿಸುತ್ತ ಆ ಕಣ್ಣಿನ ಹಸಿವನ್ನೂ ಬೆಳೆಸಿದನು. ಯಾರು ಯಾರನ್ನು ಹಾಳುಮಾಡಿದರೆಂದು ಬಿಡಿಸಿ ಹೇಳುವುದು ಕಷ್ಟ.

ವರ್ಷವರ್ಷವೂ ರೂಪ ಬದಲಾಯಿಸುವ ಈ ಪದ್ಧತಿಗೆ ತೆರಬೇಕಾದ ಬೆಲೆ ದೊಡ್ಡದು. ಉಕ್ಕಿನ ತಗಡನ್ನು ಗಾಡಿಯ ಆಕಾರಕ್ಕೆ ಒತ್ತುವ ಅಚ್ಚುಗಳು ಬಹು ದುಬಾರಿ. ಲಕ್ಷಾಂತರ ಗಾಡಿಗಳನ್ನು ಮಾರುವ ಕಂಪೆನಿಗೆ ಆ ವೆಚ್ಚ ಗಾಡಿಯೊಂದಕ್ಕೆ ಸ್ವಲ್ಪವೇ ಬೀಳುತ್ತದೆ. ಕೆಲವು ಸಾವಿರ ಮಾರುವವನನ್ನು ಅದೇ ಮುಳುಗಿಸುತ್ತದೆ. 1954ರಲ್ಲಿ ಹಡ್ಸನ್ ಕಂಪೆನಿಯು ನ್ಯಾಷ್ ಕಂಪೆನಿಯೊಡನೆ ಸೇರಿ, ಮೂರು ವರ್ಷದಲ್ಲಿ ಹಡ್ಸನ್ ಎಂಬ ಹೆಸರೇ ಮರೆಯಾಯಿತು. ಅದೇ ವರ್ಷ ಸ್ಟೂಡಿಬೇಕರೂ ಪ್ಯಾಕರ್ಡೂ ಕೂಡಿಕೊಂಡುವು. 1958ರಲ್ಲಿ ಪ್ಯಾಕರ್ಡ್ ಅಳಿಯಿತು, 1966ರಲ್ಲಿ ಸ್ಟೂಡಿಬೇಕರಿನ ಕೊನೆಯ ಗಾಡಿ ಹೊರಬಂದಿತು. ಹೊಸ ವಿಚಾರಗಳನ್ನು ಮೊದಲು ತಂದವರೇ ಮೊದಲು ನಾಶವಾದರು. ಉಳಿದ ಮೂರು ದೊಡ್ಡ ಕಂಪೆನಿಗಳಿಗೆ ಒಬ್ಬರನ್ನೊಬ್ಬರು ಮೀರಿಸಲು ಆಡಂಬರವೇ ಮುಖ್ಯ ಸಾಧನವಾಯಿತು.

1955ನೆಯ ವರ್ಷ ಈ ವೈಭವದ ಮಧ್ಯಾಹ್ನ. ಆ ಒಂದು ವರ್ಷದಲ್ಲಿ ಅಮೆರಿಕದಲ್ಲಿ ಸುಮಾರು 79 ಲಕ್ಷ ಕಾರುಗಳು ತಯಾರಾದುವು. ಮರುವರ್ಷ ಅಧ್ಯಕ್ಷ ಐಸೆನ್‌ಹೋವರ್ 41,000 ಮೈಲಿಗಳ ಹೆದ್ದಾರಿಜಾಲವನ್ನು ನಿರ್ಮಿಸುವ ಶಾಸನಕ್ಕೆ ಅಂಕಿತ ಹಾಕಿದನು. ನಗರದ ಹೊರಗೆ ಹೊಸ ಬಡಾವಣೆಗಳು ಎದ್ದು, ಗಾಡಿಯಿಲ್ಲದೆ ಹಾಲು ತರಲೂ ಹೋಗಲಾಗದ ಸ್ಥಿತಿ ಬಂದಿತು. ಮುಂದಿನ ಗಾಜು ಪಕ್ಕಕ್ಕೂ ಬಳಸಿ ಬರುವಂತೆ ಮಾಡುವುದು ಆಗ ದೊಡ್ಡ ಷೋಕಿ. ನೋಟ ವಿಶಾಲವಾಗುತ್ತದೆಂದು ಹೇಳಿದರು; ಆದರೆ ಗಾಜಿನ ಬಾಗಿದ ಅಂಚಿನಲ್ಲಿ ದೃಶ್ಯವೇ ಸೊಟ್ಟಗಾಗುತ್ತಿತ್ತು, ಹಿಂದಕ್ಕೆ ಸರಿದ ಕಂಬದ ಮೂಲೆ ಬಾಗಿಲಿನಲ್ಲಿ ಇಳಿಯುವವನ ಮೊಣಕಾಲಿಗೆ ತಾಗುತ್ತಿತ್ತು. ಎಕ್ಸ್‌ನರನು 1957ರ ಕ್ರೈಸ್ಲರ್ ಗಾಡಿಗಳಿಗೆ ಎತ್ತರವಾದ ಬಾಲದ ರೆಕ್ಕೆಗಳನ್ನು ಕೊಟ್ಟು, ಅಡ್ಡಗಾಳಿಯಲ್ಲಿ ಗಾಡಿಯನ್ನು ಅವು ಸ್ಥಿರವಾಗಿಡುತ್ತವೆಂದು ವಾದಿಸಿದನು. ಅಂಥ ಫಲ ಕಾಣಬೇಕಾದರೆ ಸಾಮಾನ್ಯ ರಸ್ತೆಯಲ್ಲಿ ಯಾರೂ ಹೋಗದಷ್ಟು ವೇಗ ಬೇಕು. ಪೈಪೋಟಿಯ ತುತ್ತತುದಿ 1959ರ ಕ್ಯಾಡಿಲಾಕ್: ಉದ್ದ 18 ಅಡಿ 9 ಅಂಗುಲ, ಹಿಂದೆ ಕತ್ತಿಯಂತೆ ಎದ್ದ ಎರಡು ರೆಕ್ಕೆ, ಒಂದೊಂದರಲ್ಲಿಯೂ ರಾಕೆಟ್ಟಿನ ಬೆಂಕಿಯಂತೆ ಎರಡೆರಡು ಕೆಂಪು ದೀಪ.

ಯುದ್ಧವಿಮಾನದಿಂದ ತಂದ ಬಾಲವು ಹೀಗೆ ಹನ್ನೊಂದು ವರ್ಷದಲ್ಲಿ ಆಕಾಶಕ್ಕೆ ಏರಿತು. ಅದೇ ವಿಮಾನದಲ್ಲಿದ್ದ ಇನ್ನೊಂದು ವಸ್ತು ಯಾವುದು? ಚಾಲಕನನ್ನು ಆಸನಕ್ಕೆ ಬಿಗಿಯುವ ಪಟ್ಟಿ. ಹ್ಯೂ ಡಿಹೇವನ್ ಎಂಬ ಅಮೆರಿಕದವನು 1917ರಲ್ಲಿ ವಿಮಾನ ಹಾರಿಸುವ ಶಿಕ್ಷಣ ಪಡೆಯುತ್ತಿದ್ದಾಗ ಅಪಘಾತಕ್ಕೆ ಸಿಕ್ಕಿ ಬದುಕಿ ಉಳಿದಿದ್ದನು. ಕೆಲವರು ಸಾಯುತ್ತಾರೆ, ಕೆಲವರು ಉಳಿಯುತ್ತಾರೆ. ಇದು ಬರಿಯ ಹಣೆಬರಹವೇ, ಅಥವಾ ಸುತ್ತಲಿನ ವಸ್ತುಗಳ ರಚನೆಯಲ್ಲಿ ಇದಕ್ಕೆ ಕಾರಣವಿದೆಯೇ ಎಂದು ಅವನು ವಿಚಾರಮಾಡಿದನು. ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ 1942ರಿಂದ ನಡೆಸಿದ ಸಂಶೋಧನೆಯಲ್ಲಿ ಅವನು ಕಂಡುಕೊಂಡದ್ದು ಇಷ್ಟು: ವಾಹನವು ಡಿಕ್ಕಿಹೊಡೆದು ನಿಂತಾಗ ಒಳಗಿರುವ ಮನುಷ್ಯನು ಮಾತ್ರ ಅದೇ ವೇಗದಲ್ಲಿ ಮುಂದಕ್ಕೆ ಚಿಮ್ಮುತ್ತಾನೆ, ಅವನು ತಾಗುವ ವಸ್ತು ಗಟ್ಟಿಯೂ ಚೂಪೂ ಆಗಿದ್ದರೆ ಸಾಯುತ್ತಾನೆ, ಮೆತ್ತಗಿದ್ದು ಬಾಗುವಂತಿದ್ದರೆ, ಅಥವಾ ಅವನು ಆಸನಕ್ಕೆ ಬಿಗಿದಿದ್ದರೆ, ಅನೇಕ ವೇಳೆ ಉಳಿಯುತ್ತಾನೆ.

ಅಮೆರಿಕದ ವಾಯುಸೇನೆಯ ವೈದ್ಯ ಜಾನ್ ಪಾಲ್ ಸ್ಟ್ಯಾಪ್ ಇದನ್ನು ತನ್ನ ಮೈಮೇಲೆಯೇ ಪರೀಕ್ಷಿಸಿ ನೋಡಿದನು. 1954ರ ಡಿಸೆಂಬರಿನಲ್ಲಿ ರಾಕೆಟ್ಟಿನಿಂದ ಹಳಿಯ ಮೇಲೆ ಓಡುವ ಬಂಡಿಯಲ್ಲಿ ಪಟ್ಟಿಗಳಿಂದ ಬಿಗಿಸಿಕೊಂಡು, ಗಂಟೆಗೆ 632 ಮೈಲಿಯ ವೇಗವನ್ನು ಮುಟ್ಟಿ, ಒಂದೆರಡು ಕ್ಷಣಗಳಲ್ಲಿ ನಿಂತು, ಜೀವಸಹಿತ ಹೊರಬಂದನು. ವಾಯುಸೇನೆಯ ಯೋಧರು ವಿಮಾನದ ಅಪಘಾತಗಳಿಗಿಂತ ಹೆಚ್ಚಾಗಿ ರಸ್ತೆಯಲ್ಲಿ ಮೋಟಾರು ಗಾಡಿಗಳ ಅಪಘಾತಗಳಲ್ಲಿ ಸಾಯುತ್ತಿದ್ದಾರೆಂಬುದನ್ನು ಎತ್ತಿ ತೋರಿಸಿದವನೂ ಅವನೇ. ಆಗಿನ ಗಾಡಿಯ ಒಳಭಾಗವನ್ನು ಜ್ಞಾಪಿಸಿಕೊಳ್ಳಿ. ಸ್ಟೀರಿಂಗು ಚಕ್ರದ ಹಿಂದಿನ ಕಂಬ ಬಾಗದ ಉಕ್ಕಿನ ಭರ್ಜಿ. ಅದರ ಮೊನೆ ಚಾಲಕನ ಎದೆಗೆ ನೇರವಾಗಿ. ಮುಂದಿನ ಹಲಗೆಯ ತುಂಬ ಹೊಳೆಯುವ ಲೋಹದ ಗುಬುಟುಗಳು. ಪಟ್ಟಿಯ ಸುಳಿವೇ ಇಲ್ಲ.

ಯಾರೂ ಪ್ರಯತ್ನಿಸಲಿಲ್ಲವೆಂದಲ್ಲ. ನ್ಯಾಷ್ ಕಂಪೆನಿಯು 1949ರಲ್ಲಿಯೇ, ಬೇಕೆಂದವರಿಗೆ ಪಟ್ಟಿಯನ್ನು ಒದಗಿಸಿತು, ಗಿರಾಕಿಗಳು ಆದರಿಸಲಿಲ್ಲ. ಫೋರ್ಡ್ ಕಂಪೆನಿಯು 1956ರ ಗಾಡಿಗಳಿಗೆ ಎದೆಗೆ ನಾಟದಂತೆ ತಗ್ಗಾದ ನಡುವುಳ್ಳ ಸ್ಟೀರಿಂಗು ಚಕ್ರ, ಡಿಕ್ಕಿಯಲ್ಲಿ ತೆರೆದುಕೊಳ್ಳದ ಬಾಗಿಲ ಚಿಲಕ, ಬೇಕಾದವರಿಗೆ ಮೆತ್ತೆ ಮತ್ತು ಪಟ್ಟಿ, ಇವನ್ನೆಲ್ಲ ತಂದು ಜಾಹೀರಾತು ಮಾಡಿತು. ಪಟ್ಟಿಯನ್ನು ಕೇಳಿ ಪಡೆದವರು ಸಾಕಷ್ಟು ಮಂದಿ ಇದ್ದರು. ಆದರೆ ಆ ವರ್ಷ ಷೆವರ್‌ಲೆಯೇ ಹೆಚ್ಚು ಮಾರಾಟವಾದ್ದರಿಂದ, ಕ್ಷೇಮವೆಂಬುದು ಮಾರಾಟವಾಗುವ ಸರಕಲ್ಲ ಎಂಬ ಮಾತು ಡೆಟ್ರಾಯಿಟ್ ನಗರದಲ್ಲಿ ಗಾದೆಯಾಯಿತು. ಕನಸನ್ನು ಮಾರಲು ಕುಳಿತವನಿಗೆ ಸಾವಿನ ನೆನಪನ್ನು ತರುವ ವಸ್ತು ಅಂಗಡಿಯಲ್ಲಿ ಅಪಶಕುನ. ರೆಕ್ಕೆಯು ಹಾರುವೆಯೆಂದು ಹೇಳುತ್ತದೆ. ಪಟ್ಟಿಯು ಬೀಳಬಹುದೆಂದು ಹೇಳುತ್ತದೆ. ಮೊದಲನೆಯದನ್ನು ತರುವುದಕ್ಕೂ ಎರಡನೆಯದನ್ನು ಬಿಡುವುದಕ್ಕೂ ಕಾರಣ ಒಂದೇ.

ಈ ಮೆರೆತಕ್ಕೆ ಮೊದಲ ಪೆಟ್ಟು ಬಿದ್ದದ್ದು 1958ರ ವ್ಯಾಪಾರದ ಮುಗ್ಗಟ್ಟಿನಲ್ಲಿ. 1957ರ ಸೆಪ್ಟೆಂಬರಿನಲ್ಲಿ ಫೋರ್ಡ್ ಕಂಪೆನಿಯು ಭಾರಿ ಪ್ರಚಾರದೊಡನೆ ಎಡ್ಸೆಲ್ ಎಂಬ ಗಾಡಿಯನ್ನು ಬಿಡುಗಡೆ ಮಾಡಿತು. ಜನ ಅದರ ಮುಖದ ಉದ್ದನೆಯ ಸುತ್ತನ್ನು ನೋಡಿ ನಕ್ಕರು. 1959ರ ನವೆಂಬರಿನಲ್ಲಿ ಅದರ ತಯಾರಿಕೆ ನಿಂತಿತು. ಜರ್ಮನಿಯ ಫೋಕ್ಸ್‌ವ್ಯಾಗನ್ 1949ರಲ್ಲಿ ಅಮೆರಿಕದಲ್ಲಿ ಎರಡೇ ಎರಡು ಮಾರಾಟವಾಗಿತ್ತು. 1959ರಲ್ಲಿ ಅದರ ಸಂಖ್ಯೆ ಲಕ್ಷವನ್ನು ಮೀರಿತು. ವರ್ಷವರ್ಷವೂ ಬದಲಾಗದ, ಜೀರುಂಡೆಯಾಕಾರದ ಆ ಚಿಕ್ಕ ಗಾಡಿಯನ್ನು ವಿದ್ಯಾವಂತರು ಬೇಕೆಂದೇ ಕೊಂಡರು. ಅದಕ್ಕೆ ಉತ್ತರವಾಗಿ ಮೂರು ದೊಡ್ಡ ಕಂಪೆನಿಗಳೂ 1960ರ ಮಾದರಿಗಳಲ್ಲಿ ಚಿಕ್ಕ ಗಾಡಿಗಳನ್ನು ತಂದುವು.

ಅವುಗಳಲ್ಲಿ ಒಂದು ಷೆವರ್‌ಲೆಯ ಕಾರ್ವೇರ್. ಅಲ್ಯುಮಿನಿಯಮ್ಮಿನ ಎಂಜಿನು, ಅದೂ ಹಿಂದೆ. ತಂಪಿಗೆ ನೀರಿನ ಬದಲು ಗಾಳಿ. ರೂಪದಲ್ಲಿ ಅದು ಸರಳ, ಸುಂದರ. ಆದರೆ ಭಾರವೆಲ್ಲ ಹಿಂದಿದ್ದು, ಹಿಂದಿನ ಚಕ್ರಗಳ ಕಟ್ಟಡವು ತೀವ್ರವಾದ ತಿರುವಿನಲ್ಲಿ ಮಡಿಸಿಕೊಳ್ಳುವಂಥದಾಗಿತ್ತು. ಇದನ್ನು ತಡೆಯಬಲ್ಲ ಒಂದು ಉಕ್ಕಿನ ಸರಳನ್ನು, ಖರ್ಚು ಉಳಿಸಲೆಂದು, 1964ರವರೆಗೆ ಹಾಕಲಿಲ್ಲ. 1965ರ ನವೆಂಬರಿನಲ್ಲಿ ರಾಲ್ಫ್ ನೇಡರ್ ಎಂಬ ಯುವಕ ವಕೀಲನು ಪ್ರಕಟಿಸಿದ ಗ್ರಂಥದ ಮೊದಲನೆಯ ಅಧ್ಯಾಯ ಈ ಗಾಡಿಯನ್ನು ಕುರಿತದ್ದು. ಉಳಿದ ಅಧ್ಯಾಯಗಳು ಚೂಪಾದ ಬಾಲ, ಭರ್ಜಿಯಂಥ ಕಂಬ, ಹೊಳೆಯುವ ಗುಬುಟುಗಳನ್ನು ಕುರಿತವು. ಜನರಲ್ ಮೋಟಾರ್ಸ್ ಕಂಪೆನಿಯು ಆಪಾದನೆಗೆ ಉತ್ತರ ಕೊಡುವ ಬದಲು, ಅವನ ಖಾಸಗಿ ಜೀವನವನ್ನು ಕೆದಕಲು ಪತ್ತೇದಾರರನ್ನು ನೇಮಿಸಿತು. ಸಂಗತಿ ಬಯಲಾಗಿ, 1966ರ ಮಾರ್ಚಿಯಲ್ಲಿ ಕಂಪೆನಿಯ ಅಧ್ಯಕ್ಷ ಜೇಮ್ಸ್ ರೋಷ್ ಸೆನೆಟ್ ಸಮಿತಿಯ ಮುಂದೆ ನಿಂತು ಕ್ಷಮೆ ಬೇಡಬೇಕಾಯಿತು. 1972ರಲ್ಲಿ ಸರ್ಕಾರವು ನಡೆಸಿದ ಪರೀಕ್ಷೆಯಲ್ಲಿ ಕಾರ್ವೇರ್ ಅದೇ ಕಾಲದ ಇತರ ಗಾಡಿಗಳಿಗಿಂತ ಹೆಚ್ಚು ಅಪಾಯಕರವಲ್ಲವೆಂದು ಹೇಳಿದರೆಂಬುದನ್ನೂ ನ್ಯಾಯಕ್ಕಾಗಿ ಇಲ್ಲಿ ಸೇರಿಸಬೇಕು. ಆದರೆ ಅದು ಕಾರ್ವೇರಿನ ಹೆಗ್ಗಳಿಕೆಯಾಯಿತೋ, ಇತರ ಗಾಡಿಗಳ ಹಣೆಯ ಬರಹವಾಯಿತೋ, ತಾವೇ ವಿಚಾರಿಸಿ.

1966ರಲ್ಲಿ ಅಮೆರಿಕದ ರಸ್ತೆಗಳಲ್ಲಿ 50,000ಕ್ಕೂ ಹೆಚ್ಚು ಮಂದಿ ಸತ್ತರು. ಅದೇ ವರ್ಷದ ಸೆಪ್ಟೆಂಬರ್ 9ರಂದು ಅಧ್ಯಕ್ಷ ಜಾನ್ಸನ್ ಮೋಟಾರು ಗಾಡಿಗಳ ಕ್ಷೇಮದ ಶಾಸನಕ್ಕೆ ಅಂಕಿತ ಹಾಕಿದನು. ಪಟ್ಟಿಯು ಕಡ್ಡಾಯವಾಯಿತು, ಡಿಕ್ಕಿಯಲ್ಲಿ ಕುಸಿದು ಎದೆಯನ್ನು ಉಳಿಸುವ ಸ್ಟೀರಿಂಗು ಕಂಬ ಬಂದಿತು. ಆ ವರ್ಷ ಹತ್ತು ಕೋಟಿ ಮೈಲಿಯ ಸಂಚಾರಕ್ಕೆ ಸುಮಾರು ಐದೂವರೆಯಂತಿದ್ದ ಸಾವಿನ ಪ್ರಮಾಣ, 2014ರ ಹೊತ್ತಿಗೆ ಸುಮಾರು 1.1ಕ್ಕೆ ಇಳಿದಿತ್ತು. ರಸ್ತೆಗಳೂ ವೈದ್ಯವೂ ಸುಧಾರಿಸಿದ್ದು ಇದಕ್ಕೆ ಕಾರಣಗಳೇ. ಆದರೆ ಗಾಡಿಯ ರಚನೆಯೂ ದೊಡ್ಡ ಕಾರಣ. ಇಪ್ಪತ್ತು ವರ್ಷ ಮೊದಲೇ ತಿಳಿದಿದ್ದ ಸಂಗತಿಯನ್ನು ಆಗಲೇ ಅನುಸರಿಸಿದ್ದರೆ ಎಷ್ಟು ಮನೆಗಳು ಉಳಿಯುತ್ತಿದ್ದುವು!

ನಮ್ಮ ನಾಡಿಗೂ ಈ ಕಥೆಗೂ ಸಂಬಂಧವಿಲ್ಲದೆ ಇಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು ಅಮೆರಿಕಗಳಲ್ಲಿ ಸಂಚರಿಸಿ ಅಲ್ಲಿಯ ಮೋಟಾರು ಕಾರ್ಖಾನೆಗಳನ್ನು ಕಂಡು, ಭಾರತದಲ್ಲಿಯೂ ಅಂಥದೊಂದನ್ನು ಸ್ಥಾಪಿಸಲು ಯೋಜನೆಯನ್ನು ಸಿದ್ಧಪಡಿಸಿದರು. ಅವರ ಕಣ್ಣು ಇದ್ದದ್ದು ಉದ್ಯೋಗದ ಮೇಲೆ, ಸ್ವಾವಲಂಬನದ ಮೇಲೆ. ಮುಂದೆ ವಾಲ್‌ಚಂದ್ ಹೀರಾಚಂದರು ಕ್ರೈಸ್ಲರ್ ಕಂಪೆನಿಯೊಡನೆ ಒಪ್ಪಂದ ಮಾಡಿಕೊಂಡು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಕಂಪೆನಿಯು, 1947ರಿಂದ ಮುಂಬಯಿಯಲ್ಲಿ ಡಾಜ್, ಪ್ಲಿಮತ್ ಗಾಡಿಗಳನ್ನು ಜೋಡಿಸಿತು. ಆಮೇಲೆ ನಮ್ಮಲ್ಲಿ ಬೇರೆ ದೋಷ ಬೆಳೆಯಿತು. ಇಂಗ್ಲೆಂಡಿನ ಮಾದರಿಯನ್ನು ಅನುಸರಿಸಿ ಬಂದ ಅಂಬಾಸಿಡರ್ ಗಾಡಿಯು 2014ರವರೆಗೆ ಅರ್ಧ ಶತಮಾನಕ್ಕೂ ಹೆಚ್ಚುಕಾಲ ಬಹುಮಟ್ಟಿಗೆ ಅದೇ ರೂಪದಲ್ಲಿ ಉಳಿಯಿತು. ಬಹುಕಾಲ ಗಿರಾಕಿಗೆ ಬೇರೆ ಗತಿಯಿರಲಿಲ್ಲ. ಅಲ್ಲಿ ಅಗತ್ಯವಿಲ್ಲದೆ ಬದಲಾವಣೆ. ಇಲ್ಲಿ ಅಗತ್ಯವಿದ್ದರೂ ಬದಲಾವಣೆಯಿಲ್ಲ. ಎರಡು ಕಡೆಯೂ ಒಳಗೆ ಕೂರುವವನನ್ನು ಮರೆತದ್ದು ಒಂದೇ.

ಹಾಗೆಂದು ಆ ಕಾಲದ ಅಮೆರಿಕದ ಗಾಡಿಯನ್ನು ತಿರಸ್ಕರಿಸಿ ನಾನು ಮುಗಿಸುವುದಿಲ್ಲ. 1962ರಲ್ಲಿ ಅಮೆರಿಕವು ಕ್ಯೂಬಾ ದ್ವೀಪದೊಡನೆ ವ್ಯಾಪಾರವನ್ನು ನಿಲ್ಲಿಸಿದ ಮೇಲೆ, ಅಲ್ಲಿ ಉಳಿದುಕೊಂಡ ಷೆವರ್‌ಲೆ, ಬ್ಯೂಕ್ ಗಾಡಿಗಳು ಅರವತ್ತು ವರ್ಷ ಕಳೆದರೂ ಹವಾನಾ ನಗರದ ಬೀದಿಗಳಲ್ಲಿ ಓಡಾಡುತ್ತಿವೆ. ಎರಡು ಮೂರು ವರ್ಷಕ್ಕೆ ಬೇಸರ ಬರಲೆಂದು ರೂಪಿಸಿದ ವಸ್ತುಗಳು ಬಡವರ ಆರೈಕೆಯಿಂದ ಮೂರು ತಲೆಮಾರು ಬದುಕಿದುವು. ಒಳಗಿನ ಉಕ್ಕು ಒಳ್ಳೆಯದೇ ಆಗಿದ್ದಿತು. ಎಂಜಿನಿಯರನ ಕೆಲಸ ಪ್ರಾಮಾಣಿಕವಾಗಿಯೇ ಇದ್ದಿತು. ಬಾಲದ ರೆಕ್ಕೆಯಲ್ಲಿಯೂ, ಯುದ್ಧದ ಕತ್ತಲೆಯಿಂದ ಹೊರಬಂದ ಜನರ ಉಲ್ಲಾಸವಿತ್ತೆಂಬುದನ್ನು ಅಲ್ಲಗಳೆಯಲಾಗದು.

ಅಲಂಕಾರ ಬೇಡವೆನ್ನುವುದು ಇಲ್ಲಿಯ ಪಾಠವಲ್ಲ. ಹೊಸ ವಸ್ತುವೊಂದು ನಮ್ಮೆದುರಿಗೆ ಹೊಳೆಯುತ್ತ ನಿಂತಾಗ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಇದರಲ್ಲಿ ಕಣ್ಣಿಗೆ ಬೀಳುವಂತೆ ಇಟ್ಟಿರುವುದು ಏನು? ಕಣ್ಣಿಗೆ ಬೀಳುವುದಿಲ್ಲವೆಂಬ ಕಾರಣಕ್ಕೆ ಬಿಟ್ಟಿರುವುದು ಏನು? ಮೊದಲನೆಯ ಪ್ರಶ್ನೆಗೆ ಅಂಗಡಿಯವನೇ ಸಂತೋಷದಿಂದ ಉತ್ತರ ಹೇಳುತ್ತಾನೆ. ಎರಡನೆಯದನ್ನು ಕೊಳ್ಳುವವನೇ ಕೇಳಬೇಕು, ಕೇಳಿ ಉತ್ತರ ಬರುವವರೆಗೆ ಕಾಯಬೇಕು.